ಪಾಂಡಿತ್ಯದ ಪೀಠದಿಂದ ವಿನಯದ ಹಾದಿಗೆ: ಇಮಾಂ ಗಜಾಲಿಯವರ ಬಾಳು

ಧನದ ಮದವನ್ನು ಬಡತನ ಇಳಿಸುತ್ತದೆ, ದೇಹಬಲದ ಮದವನ್ನು ಮುಪ್ಪು ಇಳಿಸುತ್ತದೆ. ಆದರೆ ವಿದ್ಯೆಯ ಮದವೂ ಧರ್ಮಾಚರಣೆಯ ಮದವೂ ವಯಸ್ಸಾದಂತೆ ಬೆಳೆಯುತ್ತಲೇ ಹೋಗುತ್ತವೆ. ಅವನ್ನು ಇಳಿಸಲು ಮನುಷ್ಯನು ತನ್ನೊಡನೆ ತಾನೇ ಹೋರಾಡಬೇಕು. ಅಂತಹ ಹೋರಾಟವನ್ನು ನಡೆಸಿದ ಇಸ್ಲಾಂ ಧರ್ಮದ ಮಹಾಜ್ಞಾನಿ ಇಮಾಂ ಅಬೂ ಹಾಮಿದ್ ಗಜಾಲಿಯವರ ಬದುಕನ್ನು ಸದ್ಭಕ್ತರ ಅವಗಾಹನೆಗಾಗಿ ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತಿದ್ದೇವೆ.

ಇಸ್ಲಾಂ ಎಂಬ ಪದಕ್ಕೇ ದೇವರಿಗೆ ಶರಣಾಗುವುದು ಎಂಬ ಅರ್ಥವಿದೆ. ನಮಾಜಿನಲ್ಲಿ ಅರಸನೂ ಆಳೂ ಒಂದೇ ಸಾಲಿನಲ್ಲಿ ನಿಂತು ಹಣೆಯನ್ನು ನೆಲಕ್ಕೆ ಮುಟ್ಟಿಸುತ್ತಾರೆ. ತಾನು ಬೆಂಕಿಯಿಂದ ಹುಟ್ಟಿದವನೆಂಬ ಹೆಮ್ಮೆಯಿಂದ, ಮಣ್ಣಿನಿಂದಾದ ಆದಮನಿಗೆ ಬಾಗಲೊಪ್ಪದೆ ಇಬ್ಲೀಸನು ಪತಿತನಾದನೆಂದು ಕುರ್‌ಆನ್ ತಿಳಿಸುತ್ತದೆ. ಹೀಗೆ ಆ ಧರ್ಮದಲ್ಲಿ ಅಹಂಕಾರವು ಪತನದ ಮೊದಲ ಮೆಟ್ಟಿಲು. ವಿನಯವು ಭಕ್ತಿಯ ಮೊದಲ ಮೆಟ್ಟಿಲು.

ಗಜಾಲಿಯವರು 1058ರಲ್ಲಿ ಇರಾನಿನ ಖುರಾಸಾನ್ ಪ್ರಾಂತದ ತೂಸ್ ಎಂಬಲ್ಲಿ ಜನಿಸಿದರು. ತಂದೆ ಉಣ್ಣೆ ನೂತು ಜೀವಿಸುತ್ತಿದ್ದ ಬಡವರೆಂದು ಪರಂಪರೆ ಹೇಳುತ್ತದೆ. ಅವರು ಸಾಯುವ ಮುನ್ನ ಅಬೂ ಹಾಮಿದ್ ಮತ್ತು ಅಹ್ಮದ್ ಎಂಬ ತಮ್ಮ ಇಬ್ಬರು ಮಕ್ಕಳನ್ನು ಸೂಫಿ ಮಿತ್ರರೊಬ್ಬರಿಗೆ ಒಪ್ಪಿಸಿದರು. ಇದ್ದ ಹಣ ತೀರಿದಾಗ, ಅನ್ನ ಸಿಗುವ ಮದರಸಾಕ್ಕೆ ಸೇರುವಂತೆ ಆ ಮಿತ್ರರು ಬಾಲಕರಿಗೆ ಸೂಚಿಸಿದರು.

ತರುಣ ಗಜಾಲಿ ಜುರ್ಜಾನ್‌ನಲ್ಲಿ ಓದು ಮುಗಿಸಿ ಮರಳುವಾಗ ದಾರಿಯಲ್ಲಿ ದರೋಡೆಕೋರರು ಅವರ ಟಿಪ್ಪಣಿಗಳನ್ನೂ ಕಸಿದುಕೊಂಡರಂತೆ. ಅದರಲ್ಲೇ ತನ್ನ ವಿದ್ಯೆಯೆಲ್ಲ ಇದೆಯೆಂದು ಅವರು ಬೇಡಿಕೊಂಡಾಗ ನಾಯಕನು ನಕ್ಕು, ಕಳ್ಳನು ಕದಿಯಬಲ್ಲದ್ದು ಎಂಥ ವಿದ್ಯೆಯೆಂದು ಹಂಗಿಸಿ ಹಿಂದಿರುಗಿಸಿದನಂತೆ. ಆ ಮಾತನ್ನು ದೇವರೇ ನುಡಿಸಿದ ಪಾಠವೆಂದು ಸ್ವೀಕರಿಸಿ, ಅವರು ಮೂರು ವರ್ಷ ಕುಳಿತು ಎಲ್ಲವನ್ನೂ ಕಂಠಸ್ಥ ಮಾಡಿಕೊಂಡರು.

ಮುಂದೆ ನಿಶಾಪುರದಲ್ಲಿ ಜುವೈನಿಯವರ ಶಿಷ್ಯರಾದರು. 1085ರಲ್ಲಿ ಗುರುಗಳು ತೀರಿಕೊಂಡ ಮೇಲೆ ಸೆಲ್ಜುಕ್ ಸಾಮ್ರಾಜ್ಯದ ಮಹಾಮಂತ್ರಿ ನಿಜಾಮುಲ್‌ಮುಲ್ಕ್ ಅವರ ಆಶ್ರಯ ದೊರೆಯಿತು. 1091ರಲ್ಲಿ, ಮೂವತ್ತಮೂರರ ಹರೆಯದಲ್ಲಿ, ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದ ಪ್ರಧಾನಾಚಾರ್ಯರಾದರು. ಮುನ್ನೂರು ಮಂದಿ ವಿದ್ಯಾರ್ಥಿಗಳು ಅವರ ಪಾಠ ಕೇಳುತ್ತಿದ್ದರು. ವಾದದಲ್ಲಿ ಅವರೆದುರು ನಿಲ್ಲುವವರು ವಿರಳವಾಗಿದ್ದರು.

ಆದರೆ ಕೀರ್ತಿಯ ಶಿಖರದಲ್ಲಿದ್ದಾಗಲೇ ಅವರನ್ನು ಒಂದು ಪ್ರಶ್ನೆ ಕಾಡತೊಡಗಿತು. ತಾನು ಬೋಧಿಸುತ್ತಿರುವುದು ದೇವರಿಗಾಗಿಯೋ, ಹೆಸರಿಗಾಗಿಯೋ? ಪರಿಶೀಲಿಸಿದಾಗ ತಮ್ಮ ಬೋಧನೆಯ ಮೂಲದಲ್ಲಿ ಪ್ರತಿಷ್ಠೆಯ ಆಸೆಯನ್ನೇ ಅವರು ಕಂಡರು. 1095ರಲ್ಲಿ ಸುಮಾರು ಆರು ತಿಂಗಳು ಹೊಯ್ದಾಡಿದರು. ಬೆಳಿಗ್ಗೆ ತೊರೆಯಲು ನಿರ್ಧರಿಸಿದರೆ ಸಂಜೆಗೆ ಆ ನಿರ್ಧಾರ ಸಡಿಲುತ್ತಿತ್ತು. ಕೊನೆಗೆ ಪಾಠಪೀಠದಲ್ಲಿ ಕುಳಿತರೆ ನಾಲಿಗೆಯೇ ಹೊರಳದಾಯಿತು, ಅನ್ನ ಇಳಿಯದಾಯಿತು. ಇದು ಮನಸ್ಸಿನ ವ್ಯಾಧಿಯೆಂದು ವೈದ್ಯರು ಕೈಚೆಲ್ಲಿದರು. ಆಗ ಅವರು ಕುಟುಂಬದ ಜೀವನಕ್ಕೆ ಬೇಕಾದಷ್ಟನ್ನು ಉಳಿಸಿ, ಮಿಕ್ಕ ಸಂಪತ್ತನ್ನು ಹಂಚಿ, ಬಾಗ್ದಾದನ್ನು ತೊರೆದರು.

ದಮಾಸ್ಕಸ್‌ನ ಮಹಾಮಸೀದಿಯ ಮಿನಾರಿನಲ್ಲಿ ಬಾಗಿಲು ಮುಚ್ಚಿಕೊಂಡು ಅವರು ಧ್ಯಾನನಿರತರಾಗುತ್ತಿದ್ದರು. ಅಲ್ಲಿನ ಒಂದು ಪ್ರಸಂಗವನ್ನು ಪರಂಪರೆ ಉಳಿಸಿಕೊಂಡು ಬಂದಿದೆ. ಒಮ್ಮೆ ಮದರಸಾವೊಂದನ್ನು ಹೊಕ್ಕಾಗ, ಅಲ್ಲಿನ ಬೋಧಕರು ಗಜಾಲಿಯವರ ಮಾತನ್ನೇ ಪ್ರಮಾಣವಾಗಿ ಉದ್ಧರಿಸುತ್ತಿದ್ದರು. ಎದುರಿಗಿರುವವರು ಯಾರೆಂದು ಅವರಿಗೆ ತಿಳಿದಿರಲಿಲ್ಲ. ತಮ್ಮ ಹೆಸರು ಕಿವಿಗೆ ಬಿದ್ದೊಡನೆ ಗಜಾಲಿಯವರಿಗೆ ಹಿಗ್ಗಿನ ಬದಲು ಭಯವಾಯಿತು. ಹಳೆಯ ಮದ ಮರಳೀತೆಂದು ಅಂಜಿ ಅವರು ಆ ಊರನ್ನೇ ಬಿಟ್ಟರಂತೆ.

ಜೆರುಸಲೇಮ್, ಹೆಬ್ರಾನ್, ಮಕ್ಕಾ, ಮದೀನಾಗಳ ಯಾತ್ರೆಯನ್ನೂ ಅವರು ಮಾಡಿದರು. ಹೆಬ್ರಾನ್‌ನಲ್ಲಿ ಪ್ರವಾದಿ ಇಬ್ರಾಹಿಮರ ಸಮಾಧಿಯ ಬಳಿ ಮೂರು ವ್ರತಗಳನ್ನು ತೊಟ್ಟರು: ಅರಸರ ಬಳಿಗೆ ಹೋಗೆನು, ಅವರ ಹಣವನ್ನು ಮುಟ್ಟೆನು, ಸಭೆಯಲ್ಲಿ ವಾದಕ್ಕಿಳಿಯೆನು ಎಂದು.

ಈ ಏಕಾಂತದ ಫಲವೇ ನಲವತ್ತು ಭಾಗಗಳ ಮಹಾಗ್ರಂಥ ಇಹ್ಯಾ ಉಲೂಮುದ್ದೀನ್. ಅದರ ಇಪ್ಪತ್ತೊಂಬತ್ತನೆಯ ಭಾಗವು ಗರ್ವ ಮತ್ತು ಆತ್ಮಪ್ರಶಂಸೆಯ ವಿಮರ್ಶೆಗೆ ಮೀಸಲಾಗಿದೆ. ಗರ್ವಕ್ಕೆ ಏಳು ಕಾರಣಗಳನ್ನು ಅವರು ಎಣಿಸುತ್ತಾರೆ: ವಿದ್ಯೆ, ಧರ್ಮಾಚರಣೆ, ಕುಲ, ರೂಪ, ಬಲ, ಧನ ಮತ್ತು ಅನುಯಾಯಿಗಳ ಸಂಖ್ಯೆ. ವಿದ್ಯೆಯನ್ನು ಅವರು ಮೊದಲಿಗಿಟ್ಟದ್ದು ಗಮನಾರ್ಹ. ಮನುಷ್ಯನು ತನ್ನ ವಿನಯವನ್ನು ಒರೆಗೆ ಹಚ್ಚುವ ಬಗೆಯನ್ನೂ ತಿಳಿಸಿದ್ದಾರೆ. ಎದುರಾಳಿಯ ಬಾಯಿಂದ ಬಂದ ಸತ್ಯವನ್ನು ಸಂತೋಷದಿಂದ ಒಪ್ಪಬಲ್ಲೆವೇ? ಸಭೆಯಲ್ಲಿ ಸರೀಕರನ್ನು ಮುಂದೆ ಕೂರಿಸಬಲ್ಲೆವೇ? ಬಡವನ ಕರೆಗೆ ಓಗೊಡಬಲ್ಲೆವೇ? ಪೇಟೆಯಿಂದ ಸಾಮಾನನ್ನು ನಾವೇ ಹೊತ್ತು ತರಬಲ್ಲೆವೇ? ಸಾದಾ ಬಟ್ಟೆ ತೊಡಬಲ್ಲೆವೇ?

ಇನ್ನೂ ಸೂಕ್ಷ್ಮವಾದ ಎಚ್ಚರಿಕೆಯೊಂದಿದೆ. ಸರೀಕರ ಪಕ್ಕದಲ್ಲಿ ಕೂರದೆ ಬೇಕೆಂದೇ ಪಾದರಕ್ಷೆಗಳ ಬಳಿ ಹೋಗಿ ಕೂರುವುದು ವಿನಯದ ವೇಷ ತೊಟ್ಟ ಗರ್ವವೇ ಆಗಬಹುದು. ಹಾಗೆಯೇ ತನ್ನನ್ನು ತಾನು ಹೀನಗೊಳಿಸಿಕೊಳ್ಳುವುದೂ ವಿನಯವಲ್ಲ. ಗರ್ವಕ್ಕೂ ದೈನ್ಯಕ್ಕೂ ನಡುವಣ ಸಮಸ್ಥಿತಿಯೇ ನಿಜವಾದ ವಿನಯವೆಂಬುದು ಅವರ ನಿಲುವು.

1106ರಲ್ಲಿ ನಿಜಾಮುಲ್‌ಮುಲ್ಕ್ ಅವರ ಪುತ್ರ ಫಖ್ರುಲ್‌ಮುಲ್ಕ್ ಅವರ ಒತ್ತಾಯದಿಂದ ನಿಶಾಪುರದಲ್ಲಿ ಮತ್ತೆ ಬೋಧನೆಗೆ ತೊಡಗಿದರು. ಹಿಂದೆ ಪ್ರತಿಷ್ಠೆ ಗಳಿಸುವ ವಿದ್ಯೆಯನ್ನು ಕಲಿಸಿದ್ದೆ, ಈಗ ಪ್ರತಿಷ್ಠೆ ತೊರೆಯುವ ವಿದ್ಯೆಯನ್ನು ಕಲಿಸುತ್ತಿದ್ದೇನೆ ಎಂಬುದು ಅವರ ಭಾವವಾಗಿತ್ತು. ಕೆಲಕಾಲದ ಬಳಿಕ ತೂಸ್‌ಗೆ ಹಿಂದಿರುಗಿ, ಮನೆಯ ಬಳಿಯ ಚಿಕ್ಕ ಮದರಸಾ ಮತ್ತು ಸೂಫಿಗಳ ಆಶ್ರಮದಲ್ಲಿ ನೆಲೆಸಿದರು. ಬಾಗ್ದಾದಿನ ಪೀಠ ಮತ್ತೊಮ್ಮೆ ಕರೆದಾಗ, ಹೆಬ್ರಾನ್‌ನ ವ್ರತವನ್ನು ನೆನೆದು ನಿರಾಕರಿಸಿದರು. 1111ರ ಡಿಸೆಂಬರ್ ತಿಂಗಳ ಒಂದು ಮುಂಜಾನೆ ಪ್ರಾರ್ಥನೆ ಮುಗಿಸಿ, ಹೆಣಬಟ್ಟೆಯನ್ನು ತರಿಸಿ ಕಣ್ಣಿಗೊತ್ತಿಕೊಂಡು, ಶಾಂತವಾಗಿ ಕೊನೆಯುಸಿರೆಳೆದರೆಂದು ಅವರ ತಮ್ಮನ ಹೆಸರಿನಲ್ಲಿ ಬಂದ ವೃತ್ತಾಂತ ತಿಳಿಸುತ್ತದೆ.

ಧರ್ಮಕಾರ್ಯದಲ್ಲಿ ತೊಡಗಿರುವ ನಮಗೆಲ್ಲರಿಗೂ ಈ ಬಾಳು ಕನ್ನಡಿಯಾಗಿದೆ. ಸೇವೆಗೆಂದು ಬಂದವರು ವೇದಿಕೆಯ ಮುಂದಿನ ಸಾಲಿಗಾಗಿ, ಹಾರಕ್ಕಾಗಿ, ಆಮಂತ್ರಣ ಪತ್ರಿಕೆಯಲ್ಲಿನ ಹೆಸರಿಗಾಗಿ ಮನಸ್ಸು ಕೆಡಿಸಿಕೊಳ್ಳುವುದುಂಟು. ಗಜಾಲಿಯವರು ತಮಗೆ ತಾವೇ ಹಾಕಿಕೊಂಡ ಪ್ರಶ್ನೆಯನ್ನು ನಾವೂ ದಿನಕ್ಕೊಮ್ಮೆ ಹಾಕಿಕೊಳ್ಳೋಣ: ಈ ಕೆಲಸ ದೇವರಿಗಾಗಿಯೋ, ಹೆಸರಿಗಾಗಿಯೋ? ಉತ್ತರವನ್ನು ಬೇರೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಅಂತರಂಗಕ್ಕೆ ಪ್ರಾಮಾಣಿಕವಾಗಿ ಹೇಳಿಕೊಂಡರೆ ಸಾಕು.