ಬೂದಿಯಲ್ಲಿ ಉಳಿದ ಅಚ್ಚು

ಸುಗ್ಗಿಯ ಕಾಲದಲ್ಲಿ ದೇವರನ್ನು ನಂಬುವುದು ಕಷ್ಟವಲ್ಲ. ಕಣ ತುಂಬಿರುವಾಗ ಎಲ್ಲವೂ ಆತನ ಕೃಪೆಯೆಂದೇ ತೋರುತ್ತದೆ. ಬಿತ್ತಿದ್ದು ಮೊಳೆಯದೆ, ಮೊಳೆತದ್ದು ಕೈಗೆ ಬಾರದೆ, ಹಿಡಿದ ದಾರಿ ಸರಿಯೋ ತಪ್ಪೋ ತಿಳಿಯದೆ ಮನುಷ್ಯನು ನಿಂತಾಗಲೇ ನಂಬಿಕೆಯ ನಿಜವಾದ ಪರೀಕ್ಷೆ. ಅಂಥ ಪರೀಕ್ಷೆಗೆ ಮೇಲಿಂದ ಮೇಲೆ ಒಳಗಾದವರು ವಿಲಿಯಂ ಕೇರಿ. ಜಗತ್ತು ಅವರನ್ನು ಕ್ರೈಸ್ತ ಧರ್ಮಪ್ರಚಾರಕರೆಂದು ಬಲ್ಲದು. ಬಂಗಾಳದ ಶ್ರೀರಾಮಪುರದಲ್ಲಿ 1817ರಲ್ಲಿ ಅಚ್ಚಾದ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವೊಂದರ ಕರ್ತೃವೆಂದು ಕನ್ನಡಿಗರಾದ ನಾವೂ ಅವರನ್ನು ನೆನೆಯಬೇಕಾಗಿದೆ.

ಕೇರಿ ಹುಟ್ಟಿದ್ದು 1761ನೆಯ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಪ್ರಾಂತದ ಪಾಲರ್ಸ್‌ಪ್ಯೂರಿ ಎಂಬ ಹಳ್ಳಿಯಲ್ಲಿ. ತಂದೆ ಕೈಮಗ್ಗದ ನೇಕಾರ. ಮುಂದೆ ಆ ಹಳ್ಳಿಯ ಶಾಲಾ ಉಪಾಧ್ಯಾಯರಾದವರು. ಬಿಸಿಲು ತಾಗದ ಚರ್ಮವ್ಯಾಧಿಯಿಂದಾಗಿ ಹುಡುಗನಿಗೆ ಹೊಲಗೆಲಸ ಒಗ್ಗಲಿಲ್ಲ. ಜೋಡು ಹೊಲಿಯುವ ಕಸುಬು ಕಲಿಯಲು ಹಚ್ಚಿದರು. ಒಂದು ಕೈಯಲ್ಲಿ ಚರ್ಮ, ಮತ್ತೊಂದು ಕೈಯಲ್ಲಿ ಪುಸ್ತಕ ಎಂಬಂತೆ ಆ ಹುಡುಗ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತನು. ಬ್ಯಾಪ್ಟಿಸ್ಟ್ ಪಂಗಡದ ಬಡ ಪಾದ್ರಿಯಾದ ಮೇಲೂ ಹೊಟ್ಟೆಪಾಡಿಗೆ ಜೋಡು ಹೊಲಿಯುವುದು ತಪ್ಪಲಿಲ್ಲ. ಕೆಲಸದ ಕೋಣೆಯ ಗೋಡೆಯ ಮೇಲೆ ತಾನೇ ಮಾಡಿದ ಪ್ರಪಂಚದ ನಕ್ಷೆಯನ್ನು ತೂಗುಹಾಕಿ, ದೂರದೇಶಗಳಿಗೆ ಧರ್ಮಸಂದೇಶವನ್ನು ಒಯ್ಯುವ ಕನಸನ್ನು ಅವರು ಕಾಣುತ್ತಿದ್ದರು. 1792ರಲ್ಲಿ ಅದೇ ಉದ್ದೇಶಕ್ಕಾಗಿ ಒಂದು ಸಂಘವು ಹುಟ್ಟಿತು. ಮರುವರ್ಷ ಕೇರಿ ಹಿಂದೂಸ್ಥಾನಕ್ಕೆ ಹೊರಟರು.

ಹೊರಡುವ ಮೊದಲೇ ಕವಲು ಎದುರಾಯಿತು. ಅವರ ಪತ್ನಿ ಡೊರೊತಿ ಓದುಬರಹ ತಿಳಿಯದ ಹೆಣ್ಣುಮಗಳು. ಮದುವೆಯ ದಾಖಲೆಯಲ್ಲಿ ಹೆಸರಿನ ಬದಲು ಗುರುತು ಹಾಕಿದವಳು. ಹುಟ್ಟಿದ ಸೀಮೆಯನ್ನು ದಾಟಿ ಹೋಗದಿದ್ದ ಆಕೆ ಮೊದಲು ಈ ಪ್ರಯಾಣಕ್ಕೆ ಒಪ್ಪಲೇ ಇಲ್ಲ. ಕೇರಿ ಹಿರಿಯ ಮಗನೊಬ್ಬನನ್ನೇ ಕರೆದುಕೊಂಡು ಹೊರಡಲು ಸಿದ್ಧರಾದರು. ಆದರೆ ಹಡಗಿನ ಪ್ರಯಾಣಕ್ಕೆ ಅಡ್ಡಿ ಬಂದು ಕೆಲವು ವಾರಗಳು ತಡವಾದಾಗ, ಬಹಳ ಒತ್ತಾಯದ ಮೇಲೆ, ತಂಗಿಯೂ ಜೊತೆಗೆ ಬರುವುದಾದರೆ ಎಂಬ ಷರತ್ತಿನಿಂದ, ಕೈಗೂಸನ್ನೆತ್ತಿಕೊಂಡು ಆಕೆ ಹಡಗು ಹತ್ತಿದಳು. ತಡವಾದದ್ದು ದೈವಕೃಪೆಯೆಂದು ಕೇರಿ ಎಣಿಸಿದರು. ಡೊರೊತಿ ಏನೆಂದು ಎಣಿಸಿದಳೋ, ಬರೆದಿಡಲು ಅವಳಿಗೆ ಅಕ್ಷರವಿರಲಿಲ್ಲ.

1793ರ ನವೆಂಬರಿನಲ್ಲಿ ಅವರು ಬಂಗಾಳವನ್ನು ಮುಟ್ಟಿದರು. ಈಸ್ಟ್ ಇಂಡಿಯಾ ಕಂಪನಿಗೆ ಧರ್ಮಪ್ರಚಾರಕರು ಬೇಡವಾಗಿದ್ದರು. ಜೊತೆಗಾರನ ದುಂದುವೆಚ್ಚದಿಂದ ತಂದ ಹಣ ಕರಗಿಹೋಯಿತು. ಸುಂದರಬನದ ಅಂಚಿನಲ್ಲಿ ಕೆಲಕಾಲ ಒದ್ದಾಡಿ, ಕೊನೆಗೆ ಮಾಲ್ಡಾ ಕಡೆಯ ಮದನಾಬತಿಯಲ್ಲಿ ನೀಲಿ ಕಾರ್ಖಾನೆಯೊಂದರ ಮೇಲ್ವಿಚಾರಕರಾದರು. ಅಲ್ಲಿ 1794ರಲ್ಲಿ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡನು. ಆ ಮಗುವಿನ ಗುಂಡಿ ತೋಡಲೂ ಶವ ಹೊರಲೂ ಜನ ಸಿಗುವುದು ದುಸ್ತರವಾಯಿತು. ಡೊರೊತಿಯ ಮನಸ್ಸು ಕದಡಿಹೋಯಿತು, ಮತ್ತೆಂದೂ ತಿಳಿಯಾಗಲಿಲ್ಲ. ಹನ್ನೆರಡು ವರ್ಷಕ್ಕೂ ಮಿಕ್ಕಿ ಆಕೆ ಆ ಸ್ಥಿತಿಯಲ್ಲಿ ಬದುಕಿ, 1807ರ ಡಿಸೆಂಬರಿನಲ್ಲಿ ತೀರಿಕೊಂಡಳು. ಗಂಡ ಗ್ರಂಥಗಳನ್ನು ಅನುವಾದಿಸುತ್ತಿದ್ದ ಮನೆಯಲ್ಲಿಯೇ ಅವಳ ಕೂಗಾಟವೂ ಕೇಳಿಬರುತ್ತಿತ್ತು.

ಯಾವ ಕೆಲಸಕ್ಕೆಂದು ಬಂದರೋ ಅದರ ಫಲವೂ ಕಾಣಲಿಲ್ಲ. ಏಳು ವರ್ಷಗಳ ಕಾಲ ಒಬ್ಬ ಬಂಗಾಳಿಯೂ ಅವರಿಂದ ದೀಕ್ಷೆ ಪಡೆಯಲಿಲ್ಲ. 1799ರಲ್ಲಿ ಇಂಗ್ಲೆಂಡಿನಿಂದ ಮಾರ್ಷ್‌ಮನ್, ವಾರ್ಡ್ ಮೊದಲಾದ ಸಂಗಡಿಗರು ಬಂದರು. ಅವರೊಡನೆ ಮಾಲ್ಡಾ ಸೀಮೆಯಲ್ಲಿಯೇ ನೆಲೆಯೂರಬೇಕೆಂಬುದು ಕೇರಿಯವರ ಯೋಜನೆ. ಉಳಿಸಿದ ಹಣವನ್ನು ಸುರಿದು ಅಲ್ಲೊಂದು ನೆಲೆಯನ್ನೂ ಕೊಂಡಿದ್ದರು. ಆದರೆ ಕಂಪನಿಯ ನೆಲದಲ್ಲಿ ಆ ಸಂಗಡಿಗರಿಗೆ ಪ್ರವೇಶ ದೊರೆಯಲಿಲ್ಲ. ಅವರು ಹೂಗ್ಲಿ ತೀರದ ಶ್ರೀರಾಮಪುರದಲ್ಲಿ, ಡೇನರ ಆಡಳಿತದ ಆಶ್ರಯದಲ್ಲಿ ನಿಲ್ಲಬೇಕಾಯಿತು. ಕೇರಿ ಕೊಂಡದ್ದನ್ನು ನಷ್ಟಕ್ಕೆ ಬಿಟ್ಟು, 1800ರ ಜನವರಿಯಲ್ಲಿ ಅಲ್ಲಿಗೆ ಹೋದರು.

ಮುಚ್ಚಿದ ಆ ಬಾಗಿಲೇ ದೊಡ್ಡ ಬಾಗಿಲಿಗೆ ದಾರಿಯಾಯಿತು. ಶ್ರೀರಾಮಪುರದಲ್ಲಿ ಮುದ್ರಣಾಲಯವು ಎದ್ದಿತು. ವಾರ್ಡ್ ಮುದ್ರಣ ಬಲ್ಲವರು. ಪಂಚಾನನ ಕರ್ಮಕಾರರಂಥ ಕುಶಲಿಗಳು ದೇಶಭಾಷೆಗಳ ಅಚ್ಚುಮೊಳೆಗಳನ್ನು ಕೊರೆದರು. ಆ ವರ್ಷದ ಕೊನೆಯಲ್ಲಿ ಕೃಷ್ಣಪಾಲನೆಂಬ ಬಡಗಿ ಮೊದಲ ದೀಕ್ಷೆ ಪಡೆದನು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಹೊರಬಂದಿತು. ಅದೇ ವರ್ಷ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು, ಯಾವ ಕಾಲೇಜನ್ನೂ ಮೆಟ್ಟದಿದ್ದ ಈ ಚಮ್ಮಾರನನ್ನು ಬಂಗಾಳಿ ಭಾಷೆಯ ಬೋಧಕನನ್ನಾಗಿ ಕರೆಯಿತು.

ಇನ್ನು ಕಷ್ಟ ಮುಗಿಯಿತೆನ್ನುವ ಹೊತ್ತಿಗೆ ಮತ್ತೊಂದು ಏಟು ಬಿದ್ದಿತು. 1812ನೆಯ ಮಾರ್ಚ್ 11ರ ಸಂಜೆ ಮುದ್ರಣಾಲಯಕ್ಕೆ ಬೆಂಕಿ ಹತ್ತಿತು. ಕೇರಿ ಕಲ್ಕತ್ತೆಯಲ್ಲಿದ್ದರು. ಮರುದಿನ ಬಂದು ನೋಡಿದರೆ ಕಾಗದದ ದಾಸ್ತಾನು, ಹಲವು ಭಾಷೆಗಳ ಅಚ್ಚುಮೊಳೆ, ವರ್ಷಗಟ್ಟಲೆ ದುಡಿದು ಬರೆದ ಹಸ್ತಪ್ರತಿಗಳು, ಎಲ್ಲವೂ ಬೂದಿ. ಕನ್ನಡ ಹೊಸ ಒಡಂಬಡಿಕೆಯ ಅನುವಾದವೂ, ತೆಲುಗು ವ್ಯಾಕರಣದ ಬರಹವೂ, ದೇಶಭಾಷೆಗಳನ್ನೆಲ್ಲ ಕೂಡಿಸುವ ಮಹಾನಿಘಂಟೂ ಅದರಲ್ಲಿ ಹೋದವು. ಕೇರಿ ಅತ್ತರು. ಆಮೇಲೆ ಬೂದಿಯನ್ನು ಕೆದಕಿಸಿದರು. ಕರಗಿದ ಸೀಸದ ಗಟ್ಟಿಗಳು ಸಿಕ್ಕಿದವು. ಮೊಳೆಗಳನ್ನು ಎರಕ ಹೊಯ್ಯುವ ಮೂಲ ಅಚ್ಚುಗಳು ಕೆಡದೆ ಉಳಿದಿದ್ದವು. ಅದೇ ಸೀಸವನ್ನು ಅದೇ ಅಚ್ಚಿಗೆ ಹೊಯ್ದು ಕೆಲವೇ ವಾರಗಳಲ್ಲಿ ಕೆಲಸ ಮೊದಲಿಟ್ಟರು. ಸುದ್ದಿ ತಲುಪಿದಾಗ ಬ್ರಿಟನ್ನಿನ ಜನ ನಷ್ಟ ತುಂಬುವಷ್ಟು ಹಣವನ್ನು ಕೂಡಿಸಿದರು. ತೆಲುಗು ವ್ಯಾಕರಣವು 1814ರಲ್ಲಿ, ಕನ್ನಡ ವ್ಯಾಕರಣವು 1817ರಲ್ಲಿ ಬೆಳಕು ಕಂಡವು. ಮರುವರ್ಷ ಶ್ರೀರಾಮಪುರದ ಕಾಲೇಜು ಹುಟ್ಟಿತು. ಸತೀಪದ್ಧತಿಯನ್ನು ಕೊನೆಗಾಣಿಸಬೇಕೆಂದು ಬಹುಕಾಲ ದುಡಿದ ಕೇರಿ, 1829ರಲ್ಲಿ ಆ ನಿಷೇಧಾಜ್ಞೆ ಹೊರಟಾಗ ಅದನ್ನು ಬಂಗಾಳಿಗೆ ಅನುವಾದಿಸಿಕೊಟ್ಟರು. 1834ನೆಯ ಜೂನ್ 9ರಂದು ಶ್ರೀರಾಮಪುರದಲ್ಲಿಯೇ ಕಣ್ಣುಮುಚ್ಚಿದರು. ನಲವತ್ತು ವರ್ಷಗಳಲ್ಲಿ ಒಮ್ಮೆಯೂ ತಾಯ್ನಾಡಿಗೆ ಮರಳಲಿಲ್ಲ.

ಈ ಚರಿತ್ರೆಯನ್ನು ಹೇಳಿ, ಎಲ್ಲವೂ ಕಡೆಗೆ ಒಳಿತೇ ಆಯಿತು, ದೇವರ ಸಂಕಲ್ಪವೇ ಅದು ಎಂದು ಮುಗಿಸುವುದು ಸುಲಭ. ನನ್ನ ಮನಸ್ಸು ಅದಕ್ಕೆ ಒಪ್ಪದು. ಆ ಮಹಾನಿಘಂಟು ಮತ್ತೆಂದೂ ಪೂರ್ತಿಯಾಗಲಿಲ್ಲ. ಪೀಟರ್ ಮರಳಲಿಲ್ಲ. ಡೊರೊತಿಯ ಕಣ್ಣೀರಿಗೆ ಯಾವ ಗ್ರಂಥವೂ ಬೆಲೆಯಾಗದು. ನನ್ನ ತಾಯಿಯೂ ಹೆಬ್ಬೆಟ್ಟು ಒತ್ತುವವಳೇ. ಆದ್ದರಿಂದ ಆ ಹೆಣ್ಣುಮಗಳನ್ನು ದಾಟಿ ಮುಂದೆ ಹೋಗಲು ನನ್ನಿಂದಾಗಲಿಲ್ಲ. ನಂಬಿದವನ ನಂಬಿಕೆಯ ಭಾರವನ್ನು ಒಮ್ಮೊಮ್ಮೆ ಜೊತೆಯವರೂ ಹೊರಬೇಕಾಗುತ್ತದೆ. ಪರರ ದುಃಖದೆದುರು ನಿಂತು ಇದು ದೇವರ ಯೋಜನೆ ಎಂದು ವಿವರಿಸುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ಕೇರಿಯವರಿಂದ ಕಲಿಯುವುದೇನು? ದೇವರ ಸಂಕಲ್ಪವನ್ನು ತಿಳಿದಿದ್ದೇನೆಂಬ ಗರ್ವವೇ ನಂಬಿಕೆಯಲ್ಲ. ಮದನಾಬತಿಯಲ್ಲಿ ಮಗನನ್ನು ಮಣ್ಣುಮಾಡಿದಾಗ ಅವರಿಗೆ ಶ್ರೀರಾಮಪುರ ಕಂಡಿರಲಿಲ್ಲ. ಬೂದಿಯ ಮುಂದೆ ನಿಂತಾಗ ಬ್ರಿಟನ್ನಿನ ಹಣ ಕಂಡಿರಲಿಲ್ಲ. ಕಂಡದ್ದು ಅಂದಿನ ಕೆಲಸ ಮಾತ್ರ, ಅದನ್ನು ಮಾಡಿದರು. ಮುಂದಿನದನ್ನು ದೇವರಿಗೆ ಬಿಟ್ಟು, ಇಂದಿನದನ್ನು ಆತನಿಗೆ ಬಿಡದಿರುವುದೇ ಅವರ ಭಕ್ತಿಯ ರೀತಿ.

ಸಹಪಾಠಿಗಳೇ, ಇನ್ನು ಕೆಲವು ದಿನಗಳಲ್ಲಿ ಈ ಕಾಲೇಜಿನ ಬಾಗಿಲನ್ನು ದಾಟುವ ನಮ್ಮಲ್ಲಿ ಅನೇಕರಿಗೆ ಮುಂದಿನ ಹಾದಿ ಕಾಣದು. ಮನೆಯಲ್ಲಿ ಕೇಳಿದರೆ ಹೇಳಬಲ್ಲವರೂ ಇಲ್ಲ, ಆ ಹಾದಿಯನ್ನು ಅವರು ನಡೆದಿಲ್ಲ. ಹಾದಿಯೆಲ್ಲ ಒಮ್ಮೆಗೇ ಬೆಳಗಬೇಕೆಂದು ಬೇಡುವುದು ಬೇಡ. ಸುಟ್ಟುಹೋದುದರ ನಡುವೆ ಉಳಿದ ಅಚ್ಚು ಯಾವುದೆಂದು ಕೆದಕಿ ನೋಡುವ ತಾಳ್ಮೆಯೊಂದನ್ನು ಬೇಡೋಣ.