ಹೊಳಪಿನ ಬೆನ್ನು ಹತ್ತಿದ ಲೆಕ್ಕಾಧಿಕಾರಿ: ಸರ್ ಸಿ. ವಿ. ರಾಮನ್

ಪುಣೆಯ ಕನ್ನಡಕದ ಅಂಗಡಿಗಳಲ್ಲಿ ಇಂದು ಗಿರಾಕಿಗೆ ತಪ್ಪದೆ ಕೇಳುವ ಒಂದು ಪ್ರಶ್ನೆಯುಂಟು: ಮಸೂರಕ್ಕೆ ಪ್ರತಿಫಲನವನ್ನು ತಡೆಯುವ ಲೇಪ ಬೇಕೋ, ಬೇಡವೋ? ಬೇಕೆಂದರೆ ಹಣ ಹೆಚ್ಚು ತೆರಬೇಕು. ರಾತ್ರಿಯ ದೀಪದಡಿ ಗಲ್ಲಾದಲ್ಲಿ ಕುಳಿತು ಬಿಲ್ಲು ಕೂಡಿಸುವ ನಮ್ಮ ಹೋಟೆಲು ಬಂಧುಗಳೂ, ಕಚೇರಿಯಲ್ಲಿ ಅಂಕಿಗಳೊಡನೆ ಹೆಣಗುವ ಗುಮಾಸ್ತ ಮಿತ್ರರೂ ಅಂಥ ಕನ್ನಡಕವನ್ನು ಓರೆಯಾಗಿ ಹಿಡಿದು ನೋಡಿದರೆ ನಸುಹಸಿರು ಅಥವಾ ನೀಲಿ ಛಾಯೆಯೊಂದು ಮಿನುಗುವುದನ್ನು ಕಾಣುವರು. ಅದು ತೆಳುಪೊರೆಯ ಬಣ್ಣ. ಇಂಥ ಬಣ್ಣಗಳ ಗುಟ್ಟನ್ನು ಅರಸುತ್ತ ಬಾಳಿದ ಮಹನೀಯರೊಬ್ಬರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಅವರೂ ಮೊದಲು ಲೆಕ್ಕದ ಕಚೇರಿಯಲ್ಲಿ ದುಡಿದವರೇ.

ಚಂದ್ರಶೇಖರ ವೆಂಕಟರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಉಪಾಧ್ಯಾಯರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಬೆಳಕಿನ ವಿಷಯವಾಗಿ ಅವರು ಬರೆದ ಲೇಖನ ಇಂಗ್ಲೆಂಡಿನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ವಿಲಾಯತಿಗೆ ಹೋಗಿ ಓದಬೇಕೆಂದರೆ, ಅಲ್ಲಿಯ ಹವೆಯನ್ನು ಈ ಕೃಶ ದೇಹ ತಾಳದೆಂದು ಸರಕಾರಿ ವೈದ್ಯರು ತಡೆದರು. ಆಗ ವಿಜ್ಞಾನದಿಂದ ಹೊಟ್ಟೆ ತುಂಬುವ ದಾರಿ ಈ ದೇಶದಲ್ಲಿರಲಿಲ್ಲ. ಹಣಕಾಸು ಇಲಾಖೆಯ ಪರೀಕ್ಷೆ ಕಟ್ಟಿ, 1907ರಲ್ಲಿ ಕಲಕತ್ತೆಯಲ್ಲಿ ಅಧಿಕಾರಿಯಾಗಿ ಸೇರಿದರು.

ಹುದ್ದೆ ದೊಡ್ಡದು, ಸಂಬಳ ಒಳ್ಳೆಯದು, ಅಷ್ಟಕ್ಕೆ ತೃಪ್ತರಾಗಬಹುದಿತ್ತು. ಆದರೆ ಟ್ರಾಮಿನಲ್ಲಿ ಹೋಗುತ್ತಿದ್ದಾಗ ಬೌಬಜಾರಿನಲ್ಲಿ ವಿಜ್ಞಾನ ಸಂಘವೊಂದರ ಫಲಕವನ್ನು ಕಂಡರು. ಅಂದಿನಿಂದ ಹತ್ತು ವರ್ಷ ಅವರದು ಇಬ್ಬಗೆಯ ಬದುಕು. ಬೆಳಗಿನ ಜಾವ ಸಂಘದ ಪ್ರಯೋಗಶಾಲೆ, ಹಗಲು ಕಚೇರಿ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಶಾಲೆ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದಾಗ ಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರಂತೆ. ಎರಡು ಪಾಳಿ ಮಾಡಿ ಬಲ್ಲ ನಮ್ಮ ವಾಚಕರಿಗೆ ಇದರ ಕಷ್ಟವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. 1917ರಲ್ಲಿ ಕಲಕತ್ತಾ ವಿಶ್ವವಿದ್ಯಾನಿಲಯ ಪ್ರಾಧ್ಯಾಪಕ ಪದವಿಗೆ ಕರೆಯಿತು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದಿತ್ತು. ರಾಮನ್ ಸರಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಟುಬಂದರು. ಸಂಸಾರ ಹೂಡಿದವರು ಎಷ್ಟು ಮಂದಿ ಇಂಥ ಎದೆಗಾರಿಕೆ ತೋರಿಯಾರು?

1921ರಲ್ಲಿ ವಿಲಾಯತಿಯಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಸೆಳೆಯಿತು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವೆಂದು ಲಾರ್ಡ್ ರೇಲಿಯಂಥ ಪಂಡಿತರೇ ಹೇಳಿದ್ದರು. ರಾಮನ್ ಕಿಸೆಯಲ್ಲಿದ್ದ ನಿಕೋಲ್ ಪಟ್ಟಕವೆಂಬ ಸಣ್ಣ ಹರಳನ್ನು ಕಣ್ಣಿಗೆ ಹಿಡಿದು, ತಕ್ಕ ಕೋನದಲ್ಲಿ ತಿರುಗಿಸಿ, ನೀರಿನ ಮೇಲ್ಮೈಯ ಪ್ರತಿಫಲನವನ್ನು ಅಳಿಸಿ ನೋಡಿದರು. ಪ್ರತಿಬಿಂಬ ಹೋದರೆ ನೀಲಿಯೂ ಹೋಗಬೇಕಿತ್ತು. ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿದ್ದವು. ಹಡಗು ನಮ್ಮ ಮುಂಬಯಿ ಬಂದರಿಗೆ ಬಂದಾಗ ಈ ವಿಷಯದ ಪತ್ರ ಸಿದ್ಧವಾಗಿತ್ತು. ಅದೇ ಜಾಡಿನಲ್ಲಿ ಕೆ. ಎಸ್. ಕೃಷ್ಣನ್ ಅವರೊಡನೆ ದುಡಿದು 1928ರ ಫೆಬ್ರವರಿ 28ರಂದು ಮುಟ್ಟಿದ ಶೋಧ ಲೋಕಪ್ರಸಿದ್ಧ. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

1933ರಲ್ಲಿ ಅವರು ಬೆಂಗಳೂರಿನ ತಾತಾ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಸ್ವಭಾವ ಖಡಕ್ಕು, ಮಾತು ಇನ್ನೂ ಖಡಕ್ಕು. ಆಡಳಿತದವರೊಡನೆ ಹೊಂದಿಕೆಯಾಗದೆ 1937ರಲ್ಲಿ ನಿರ್ದೇಶಕತ್ವ ಬಿಡಬೇಕಾಯಿತು. ಆದರೂ ಪ್ರಾಧ್ಯಾಪಕರಾಗಿ ಅಲ್ಲೇ ಉಳಿದರು. ತಪ್ಪು ಒಂದೇ ಕಡೆಯದೆಂದು ನಾವು ಹೇಳಲಾರೆವು.

ಇಲ್ಲಿಯೇ ಅವರು ಹಳೆಯ ಗಾಜನ್ನು ಕೈಗೆತ್ತಿಕೊಂಡದ್ದು. ಶತಮಾನಗಳ ಕಾಲ ಮಣ್ಣಿನಲ್ಲಿ ಹೂತಿದ್ದ ಪುರಾತನ ಗಾಜಿನ ಮೇಲ್ಮೈ ಸವೆದು, ಪದರು ಪದರಾಗಿ, ನವಿಲುಗರಿಯಂತೆ ಹೊಳೆಯುತ್ತದೆ. ಶಿಷ್ಯರೊಬ್ಬರೊಡನೆ ಇದನ್ನು ಪರೀಕ್ಷಿಸಿ, 1940ರಲ್ಲಿ ಪ್ರಕಟಿಸಿದರು. ಪದರಿನ ಮುಖಗಳಿಂದ ಮರಳಿದ ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿದರೆ ಬಣ್ಣ ಝಗಝಗಿಸುತ್ತದೆ. ಹೆಜ್ಜೆ ತಪ್ಪಿದರೆ ಒಂದನ್ನೊಂದು ನುಂಗುತ್ತವೆ. ಕನ್ನಡಕದ ಲೇಪ ಈ ಎರಡನೆಯ ನಿಯಮದಿಂದ ನಡೆಯುವಂಥದು. ಸಾದಾ ಗಾಜಿನ ಒಂದೊಂದು ಮುಖವೂ ನೂರಕ್ಕೆ ಸುಮಾರು 4 ಪಾಲು ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ. ಎರಡು ಮುಖ ಸೇರಿ 8. ಬೆಳಕಿನ ಅಲೆಯ ಕಾಲುಭಾಗದಷ್ಟು ದಪ್ಪದ, ಎಂದರೆ ಸುಮಾರು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನ, ತಕ್ಕ ಪೊರೆ ಕೂಡಿಸಿದರೆ ಆ ನಷ್ಟ ಬಹುಮಟ್ಟಿಗೆ ತಪ್ಪಿ, ಬೆಳಕು ಕಣ್ಣಿಗೆ ಸೇರುತ್ತದೆ. ಈಗ ಇದನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಮಸೂರಗಳನ್ನಿಟ್ಟು, ಲೋಹದ ಆಕ್ಸೈಡುಗಳನ್ನು ಆವಿಯಾಗಿಸಿ, ಹಲವು ಪದರುಗಳಲ್ಲಿ ಹಚ್ಚುತ್ತಾರೆ. ಪೂರ್ತಿ ಅಳಿಯದೆ ಉಳಿದ ಬಣ್ಣವೇ ಆ ನಸುಹಸಿರು.

ಈ ಲೇಪ ರಾಮನ್ ಅವರ ಸೃಷ್ಟಿಯಲ್ಲ. ದೊಡ್ಡವರ ತಲೆಗೆ ಇಲ್ಲದ ಕಿರೀಟವನ್ನೂ ಏರಿಸುವ ಚಾಳಿ ನಮ್ಮವರಲ್ಲಿದೆಯಾದುದರಿಂದ ಇದನ್ನು ಹೇಳಿದೆವು. ಮಬ್ಬಾದ ಹಳೆಯ ಮಸೂರ ಹೊಸದಕ್ಕಿಂತ ಹೆಚ್ಚು ಬೆಳಕು ಬಿಡುವುದನ್ನು 1890ರ ದಶಕದಲ್ಲಿ ಗುರುತಿಸಿದವರು ಇಂಗ್ಲೆಂಡಿನ ಡೆನಿಸ್ ಟೇಲರ್. ಶೂನ್ಯ ಪೆಟ್ಟಿಗೆಯ ವಿಧಾನವನ್ನು 1935ರಲ್ಲಿ ಜರ್ಮನಿಯ ಜೈಸ್ ಕಂಪೆನಿಯಲ್ಲಿ ಸಾಧಿಸಿದವರು ಸ್ಮಕುಲಾ. ಅಮೆರಿಕದ ಕ್ಯಾಥರೀನ್ ಬ್ಲಾಜೆಟ್ ಎಂಬ ಮಹಿಳೆ 1938ರಲ್ಲಿ ಒಂದೊಂದು ಅಣುವಿನಷ್ಟು ದಪ್ಪದ 44 ಪದರು ಹಚ್ಚಿ ಗಾಜನ್ನು ಕಾಣದಂತೆ ಮಾಡಿದರು. ಆ ಲೇಪ ಒರೆಸಿದರೆ ಹೋಗುತ್ತಿತ್ತು ಎಂಬುದು ಬೇರೆ ಮಾತು.

1948ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಮೈಸೂರು ಸರಕಾರ ಹಿಂದೆ ಕೊಟ್ಟಿದ್ದ ಭೂಮಿಯಲ್ಲಿ ರಾಮನ್ ತಮ್ಮದೇ ಸಂಸ್ಥೆಯನ್ನು ತೆರೆದರು. ಅಲ್ಲಿ ಚಿಪ್ಪು, ಹರಳು, ಚಿಟ್ಟೆ ಮುಂತಾದ ಹೊಳೆಯುವ ವಸ್ತುಗಳನ್ನು ಕೂಡಿಹಾಕಿದರು. 1954ರಲ್ಲಿ ಭಾರತರತ್ನ ಬಂದಿತು. ಮುಪ್ಪಿನಲ್ಲಿ ಅವರು ಹಿಡಿದದ್ದು ಕಣ್ಣು ಕಾಣುವ ಬಗೆಯನ್ನೇ. 1968ರಲ್ಲಿ ಆ ಕುರಿತ ಗ್ರಂಥ ಹೊರಟಿತು. 1970ರ ನವೆಂಬರ್ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ದಹನವಾಯಿತು. ಅಲ್ಲಿ ಗೋರಿ ಕಟ್ಟಲಿಲ್ಲ, ಒಂದು ಮರವನ್ನು ನೆಟ್ಟರು.