ಕಬ್ಬಿಣದ ಬಾಣ: ಸರ್ ವಿಲಿಯಂ ಕಾಂಗ್ರೀವನ ಜೀವನ

ದೀಪಾವಳಿಯ ಮರುದಿನ ಬೆಳಿಗ್ಗೆ ನಮ್ಮ ಮನೆಗಳ ಅಂಗಳದಲ್ಲಿ ಸುಟ್ಟ ಬಾಣಗಳ ಕೊಳವೆಗಳು ಚೆಲ್ಲಾಡಿ ಬಿದ್ದಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಂಥದೊಂದನ್ನು ಬಿಡಿಸಿ ನೋಡಿದರೆ ಸುತ್ತಿನ ಮೇಲೆ ಸುತ್ತಾಗಿ ಅಂಟಿಸಿದ ಒರಟು ಕಾಗದ, ಪಕ್ಕಕ್ಕೊಂದು ಕಡ್ಡಿ, ಅಷ್ಟೇ. ಆ ಕಾಗದದ ಸ್ಥಾನದಲ್ಲಿ ಕಬ್ಬಿಣವನ್ನಿಟ್ಟು ಯುರೋಪಿನಲ್ಲಿ ಹೆಸರಾದ ಆಂಗ್ಲನೊಬ್ಬನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲೆಳಸಿದ್ದೇವೆ. ಆ ಕಬ್ಬಿಣದ ಕಥೆಯು ಮೈಸೂರು ಸೀಮೆಯನ್ನು ಹಾದು ಬರುವುದರಿಂದ ಕನ್ನಡ ಬಾಲಕರಿಗೆ ಅದು ಪರಕೀಯವೆನಿಸಲಾರದು.

ವಿಲಿಯಂ ಕಾಂಗ್ರೀವನು ಹುಟ್ಟಿದ್ದು 1772ನೆಯ ಇಸವಿಯ ಮೇ 20ರಂದು. ಅದೇ ಹೆಸರಿನ ಅವನ ತಂದೆಯು ಸೇನಾಧಿಕಾರಿಯಾಗಿದ್ದು, ಲಂಡನ್ನಿನ ಬಳಿಯ ವುಲಿಚ್ ಎಂಬಲ್ಲಿ ಮದ್ದುಗುಂಡುಗಳ ಸರಕಾರಿ ಕಾರ್ಯಾಗಾರದ ಮುಖ್ಯಸ್ಥನಾಗಿದ್ದನು. ಮಗನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಓದಿ 1793ರಲ್ಲಿ ಪದವೀಧರನಾದನು. ಅನಂತರ ನ್ಯಾಯಶಾಸ್ತ್ರಕ್ಕೆ ಕೈಹಾಕಿದನು, ಅದು ಹಿಡಿಸಲಿಲ್ಲ. ಪತ್ರಿಕೆಯೊಂದನ್ನು ನಡೆಸಿದನು; ಮಾನನಷ್ಟದ ಮೊಕದ್ದಮೆಯಲ್ಲಿ ಸಿಲುಕಿ ಅದನ್ನೂ ಬಿಟ್ಟನು. ಮೂವತ್ತು ದಾಟಿದರೂ ಇನ್ನೂ ಯಾವ ವೃತ್ತಿಯಲ್ಲಿಯೂ ನೆಲೆನಿಲ್ಲದ ಆ ಮನುಷ್ಯನು 1804ರಲ್ಲಿ ಬಾಣಗಳ ಪ್ರಯೋಗಕ್ಕೆ ತೊಡಗಿದನು.

ಅವನಿಗೆ ಆ ಯೋಚನೆ ಬಂದ ಕಾಲವನ್ನು ನಾವು ಗಮನಿಸಬೇಕು. ಅದಕ್ಕೆ ಐದು ವರ್ಷ ಮೊದಲು, 1799ರ ಮೇ 4ರಂದು, ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಗಿ ಟೀಪು ಸುಲ್ತಾನನು ಮಡಿದಿದ್ದನು. ಹೈದರಾಲಿ ಮತ್ತು ಟೀಪುವಿನ ಸೈನ್ಯಗಳಲ್ಲಿ ಬಾಣಗಾರರ ದಳಗಳೇ ಇದ್ದವು. ಈ ಬಾಣಗಳ ಪೆಟ್ಟನ್ನು ಇಂಗ್ಲಿಷರು ಪುಳ್ಳಲೂರಿನಲ್ಲಿ 1780ರಷ್ಟು ಹಿಂದೆಯೇ ಉಂಡಿದ್ದರು. ಅವುಗಳ ವೈಶಿಷ್ಟ್ಯವಿದ್ದುದು ಮದ್ದಿನಲ್ಲಲ್ಲ, ಕೊಳವೆಯಲ್ಲಿ. ಪೆಟ್ಲುಪ್ಪು, ಗಂಧಕ, ಇದ್ದಿಲು ಇವು ಮೂರೂ ಎಲ್ಲ ದೇಶದವರಿಗೂ ಗೊತ್ತಿದ್ದ ವಸ್ತುಗಳೇ. ಆದರೆ ಮೈಸೂರಿನ ಕಮ್ಮಾರರು ಬಡಿದು ಹದಗೊಳಿಸಿದ ಕಬ್ಬಿಣದಿಂದ ಕೊಳವೆ ಮಾಡಿ, ಮದ್ದು ತುಂಬಿ, ಹಸಿಯ ತೊಗಲಿನ ಪಟ್ಟಿಗಳಿಂದ ಬಿದಿರಿಗೋ ಕತ್ತಿಯ ಅಲಗಿಗೋ ಬಿಗಿಯುತ್ತಿದ್ದರು. ವುಲಿಚ್‌ನಲ್ಲಿ ಬಹುಕಾಲ ಕಾಯ್ದಿಟ್ಟಿದ್ದ ಅಂಥದೊಂದು ಬಾಣದ ಕೊಳವೆ ಸುಮಾರು 8 ಅಂಗುಲ ಉದ್ದವಿದ್ದರೆ ಬಿದಿರು 6 ಅಡಿಗೂ ಮಿಕ್ಕಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಕೋಟೆಯಲ್ಲಿ ಹಾಳುಬಾವಿಯೊಂದನ್ನು ಅಗೆದಾಗ ಇಂಥ ಕಬ್ಬಿಣದ ಬಾಣಗಳು ಸಾವಿರಕ್ಕೂ ಹೆಚ್ಚಾಗಿ ದೊರೆತವು.

ಕೊಳವೆಯು ಯಾವುದರಿಂದಾದರೇನು ಎಂದು ಕೇಳಬಹುದು. ಬಾಣವು ಹಾರುವುದು ಒಳಗೆ ಉರಿಯುವ ಮದ್ದಿನ ಹೊಗೆಯು ಕೆಳಗಿನ ಕಿರುಬಾಯಿಯಿಂದ ರಭಸವಾಗಿ ನುಗ್ಗುವುದರಿಂದ. ಒಳಗಿನ ಒತ್ತಡ ಹೆಚ್ಚಿದಷ್ಟೂ ನೂಕು ಹೆಚ್ಚು. ಕಾಗದದ ಕೊಳವೆಯಾದರೋ ಒತ್ತಡವು ಒಂದು ಮಿತಿಯನ್ನು ಮೀರಿತೆಂದರೆ ಸೀಳಿಹೋಗುತ್ತದೆ. ತೇವ ತಗಲಿದರಂತೂ ಅದರ ಬಲ ಮತ್ತಷ್ಟು ಕುಂದುತ್ತದೆ. ಬಿದಿರು ಗಣ್ಣಿನಿಂದ ಗಣ್ಣಿಗೆ ಸಿಗಿಯುತ್ತದೆ. ಕಬ್ಬಿಣವು ತಡೆದುಕೊಳ್ಳುವುದರಿಂದ ಮದ್ದನ್ನು ಗಟ್ಟಿಯಾಗಿ ಜಡಿಯಬಹುದು, ಬಾಯನ್ನು ಕಿರಿದಾಗಿಸಬಹುದು.

ಕಾಂಗ್ರೀವನು ಮೊದಲು ತನ್ನ ಹಣದಿಂದಲೇ ಲಂಡನ್ನಿನಲ್ಲಿ ದೊರೆಯುತ್ತಿದ್ದ ಅತಿ ದೊಡ್ಡ ಬಾಣಗಳನ್ನು ಕೊಂಡು ಹಾರಿಸಿ ನೋಡಿದನು. ಅವು 500–600 ಗಜಗಳಾಚೆ ಹೋಗಲಿಲ್ಲ. ತಂದೆಯ ಕಾರ್ಯಾಗಾರದ ನೆರವು ದೊರೆತ ಮೇಲೆ ಮದ್ದಿನ ಹದವನ್ನು ತಿದ್ದಿದನು, ಕಾಗದವನ್ನು ಬಿಟ್ಟು ಕಬ್ಬಿಣದ ತಗಡಿಗೆ ಬಂದನು. ಅವನ 32 ಪೌಂಡಿನ ಬಾಣದ ಕೊಳವೆ ಮೂರೂವರೆ ಅಡಿ ಉದ್ದ, 4 ಅಂಗುಲ ವ್ಯಾಸ. ಅದಕ್ಕೆ ಕಟ್ಟಿದ ಕೋಲು 15 ಅಡಿ. ಅದು 3000 ಗಜ ದೂರ ಹಾರುತ್ತಿತ್ತು. ಅಳತೆ, ಲೆಕ್ಕ, ಒಂದೇ ತೆರನಾಗಿ ಸಾವಿರಾರು ಬಾಣಗಳನ್ನು ಮಾಡುವ ಕ್ರಮ ಇವೆಲ್ಲವೂ ಅವನ ಸ್ವಂತ ಸಾಧನೆಯೆಂಬುದನ್ನು ನಾವು ಒಪ್ಪಲೇಬೇಕು. ಆದರೆ ಭಾರತದಲ್ಲಿ ಬಾಣಗಳು ಯುದ್ಧಕ್ಕೆ ಬಳಕೆಯಾಗುತ್ತಿದ್ದುದನ್ನು ಬಲ್ಲವನಾಗಿದ್ದೂ ಅವನು ಆ ಕೀರ್ತಿಯನ್ನು ತನ್ನದಾಗಿಯೇ ಬರೆದುಕೊಂಡನು. ಶ್ರೀರಂಗಪಟ್ಟಣದ ಕಮ್ಮಾರರ ಹೆಸರನ್ನು ಬರೆದಿಟ್ಟವರಾರೂ ಇಲ್ಲದ ಕಾರಣ ಆಕ್ಷೇಪಿಸುವವರೂ ಇರಲಿಲ್ಲ.

1806ರ ಅಕ್ಟೋಬರ್ 8ರಂದು ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ ಅರ್ಧ ಗಂಟೆಯಲ್ಲಿ ಸುಮಾರು 200 ಬಾಣಗಳು ಬಿದ್ದವು. ಗುರಿಯಿಟ್ಟಿದ್ದ ನೌಕೆಗಳಿಗಿಂತ ಊರಿಗೇ ಹೆಚ್ಚು ಬೆಂಕಿ ತಗಲಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಮೇಲೆ ಇಂಗ್ಲಿಷರು ಗುಂಡು ಬಾಣಗಳೆರಡನ್ನೂ ಸುರಿಸಿದರು. ದೊಡ್ಡ ಚರ್ಚೂ ಸಾಲುಸಾಲು ಮನೆಗಳೂ ಉರಿದುಹೋದವು, ಆಯುಧ ಹಿಡಿಯದ ಅನೇಕರು ಸತ್ತರು. 1813ರಲ್ಲಿ ಲೈಪ್‌ಜಿಗ್ ಕದನದಲ್ಲಿಯೂ ಮರುವರ್ಷ ಅಮೆರಿಕದ ಬಾಲ್ಟಿಮೋರಿನಲ್ಲಿಯೂ ಅವನ ಬಾಣಗಳು ಕಾಣಿಸಿಕೊಂಡವು. ಈ ವೃತ್ತಾಂತಗಳನ್ನು ಓದುವಾಗ ಬುದ್ಧಿಯನ್ನು ಮೆಚ್ಚಿದ ಮನಸ್ಸೇ ಅದರ ಫಲವನ್ನು ಕಂಡು ಅಳುಕುತ್ತದೆ.

1814ರಲ್ಲಿ ತಂದೆಯು ತೀರಿಕೊಳ್ಳಲು ಅವನ ಪದವಿಯೂ ಕಾರ್ಯಾಗಾರವೂ ಮಗನಿಗೆ ಬಂದವು. ಆ ವರ್ಷ ಆಗಸ್ಟ್ 1ರಂದು ಲಂಡನ್ನಿನ ಉದ್ಯಾನಗಳಲ್ಲಿ ಶಾಂತಿಯ ಉತ್ಸವ ನಡೆದಾಗ ಬಾಣಬಿರುಸುಗಳ ಹೊಣೆ ಅವನದೇ. ಕೆರೆಯ ಸೇತುವೆಯ ಮೇಲೆ ಚೀನೀ ಮಾದರಿಯಲ್ಲಿ ಕಟ್ಟಿದ್ದ ಗೋಪುರಕ್ಕೆ ಬೆಂಕಿ ಹತ್ತಿ ಉರುಳಿತು, ಪ್ರಾಣಹಾನಿಯೂ ಆಯಿತು. ಉತ್ಸವದ ಬಾಣಗಳು ಅಂದಿಗೂ ಇಂದಿಗೂ ಕಾಗದವನ್ನು ಬಿಡದಿರುವುದಕ್ಕೆ ಕಾರಣವಿದೆ. ಕಾಗದದ ಕೊಳವೆ ಒಡೆದರೆ ಹಗುರವಾದ ಚೂರುಗಳಾಗಿ ಹಾರುತ್ತದೆ. ಕಬ್ಬಿಣದ್ದು ಒಡೆದರೆ ಒಂದೊಂದು ಚೂರೂ ಗುಂಡಾಗುತ್ತದೆ. ರಣರಂಗದಲ್ಲಿ ಯಾವುದು ಗುಣವೋ ಜಾತ್ರೆಯಲ್ಲಿ ಅದೇ ಮೃತ್ಯು. ತವರದ ಡಬ್ಬಿಗೆ ಮದ್ದು ತುಂಬುವ ಚಪಲವುಳ್ಳ ನಮ್ಮ ಹುಡುಗರು ಇದನ್ನು ತಿಳಿದಿರುವುದು ಒಳ್ಳೆಯದು.

ಉಳಿದುದನ್ನು ಬೇಗನೆ ಹೇಳಬಹುದು. ಉರುಳುವ ಗೋಲಿಯಿಂದ ನಡೆಯುವ ಗಡಿಯಾರ, ಬಣ್ಣದ ಮುದ್ರಣ, ತಿಮಿಂಗಿಲಗಳನ್ನು ಹೊಡೆಯುವ ಬಾಣ ಹೀಗೆ ಅವನು ಕಲ್ಪಿಸಿದ ಯುಕ್ತಿಗಳು ಹಲವು. ಪಾರ್ಲಿಮೆಂಟಿನ ಸದಸ್ಯನೂ ಆದನು. ಕಡೆಗೆ ಅವನನ್ನು ಕೆಡವಿದ್ದು ಕಬ್ಬಿಣವೇ. ಐರ್ಲೆಂಡಿನಲ್ಲಿ ಕಬ್ಬಿಣ ಮತ್ತು ಕಲ್ಲಿದ್ದಲನ್ನು ತೆಗೆಯಲು ಹೂಡಿದ್ದ ಕಂಪನಿಯೊಂದರ ವ್ಯವಹಾರದಲ್ಲಿ ವಂಚನೆಯ ಆರೋಪ ಬಂದು, ದೇಶ ಬಿಟ್ಟು ಫ್ರಾನ್ಸನ್ನು ಸೇರಿದನು. 1828ರ ಮೇ 16ರಂದು ತುಲೂಸ್ ನಗರದಲ್ಲಿ ಅವನ ದೇಹಾಂತವಾಯಿತು. ಮುಂದೆ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಒಂದು ಬಗೆಯ ಬೆಂಕಿಕಡ್ಡಿಗೆ ಜನರು ಕಾಂಗ್ರೀವ್ ಎಂದೇ ಹೆಸರಿಟ್ಟರು. ಅದನ್ನು ಕಂಡುಹಿಡಿದವನು ಮಾತ್ರ ಅವನಲ್ಲ.